ಕಾಂಕಾರ್ಡ್ ಹುಡುಕಿಕೊಂಡು: ಟುಲೂಸ್, ಪ್ಯಾರಿಸ್, ಬ್ರಿಸ್ಟಲ್

ಬ್ರಿಟನ್, ಫ್ರಾನ್ಸ್ ಸೇರಿ ಮಾಡಿದ, ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಪ್ರಯಾಣಿಕ ವಿಮಾನ ಕಾಂಕಾರ್ಡ್. ತಯಾರಾದವು 20, ಈಗ ಉಳಿದಿರುವುದು 18. ಒಂದು 2000ದ ಜುಲೈ 25ರಂದು ಪ್ಯಾರಿಸ್ ಪಕ್ಕದ ಗೊನೆಸ್‌ನಲ್ಲಿ ಬಿದ್ದು 113 ಜನ ತೀರಿಕೊಂಡರು. ಇನ್ನೊಂದನ್ನು ಬಿಡಿಭಾಗ ಕಿತ್ತುಕೊಂಡು 1994ರಲ್ಲಿ ಗುಜರಿ ಮಾಡಿದರು. ಹದಿನೆಂಟನ್ನೂ ನೋಡಬೇಕೆಂದರೆ ಸಿಯಾಟಲ್, ಬಾರ್ಬಡೋಸ್‌ವರೆಗೂ ಅಲೆಯಬೇಕು. ಐದನ್ನು ಮಾತ್ರ ಒಂದೇ ವಾರದಲ್ಲಿ ರೈಲಿನಲ್ಲೇ ಹೋಗಿ ನೋಡಬಹುದು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಎರಡು ವೀಸಾ ಬೇಕು. ಫ್ರಾನ್ಸಿಗೆ ಬೇಕಾದ ಶೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ.

ಶುರು ಫ್ರಾನ್ಸಿನ ಟುಲೂಸ್‌ನಿಂದಲೇ ಆಗಲಿ. 1969ರ ಮಾರ್ಚ್ 2ರಂದು ಪರೀಕ್ಷಾ ಪೈಲಟ್ ಆಂದ್ರೆ ತುರ್ಕಾ ಮೊದಲ ಕಾಂಕಾರ್ಡನ್ನು ಹಾರಿಸಿದ್ದು ಇಲ್ಲಿಂದ. ವಿಮಾನ ನಿಲ್ದಾಣದ ಮಗ್ಗುಲಲ್ಲಿರುವ ಏರೋಸ್ಕೋಪಿಯಾ ಮ್ಯೂಸಿಯಂಗೆ ಊರೊಳಗಿಂದ ಟ್ರಾಮ್ ಇದೆ. ಒಳಗೆ ನಿಂತಿರುವುದು ಪರೀಕ್ಷೆಗೇ ಮೀಸಲಾಗಿದ್ದ, 201 ಸಂಖ್ಯೆಯ ಕಾಂಕಾರ್ಡ್. ಹೊರಗಿರುವ, ಎಫ್-ಬಿವಿಎಫ್‌ಸಿ ಎಂಬ ನೋಂದಣಿಯ ಕಾಂಕಾರ್ಡ್ 2003ರ ಜೂನ್ 27ರಂದು ಇಲ್ಲಿಗೆ ಬಂದಿಳಿಯಿತು. ಏರ್ ಫ್ರಾನ್ಸಿನ ಕಾಂಕಾರ್ಡ್‌ಗಳಲ್ಲಿ ಕೊನೆಗೆ ಹಾರಿದ್ದು ಅದೇ. ಒಂದು ಕಾಲಕ್ಕೆ 70ಕ್ಕೂ ಹೆಚ್ಚು ವಿಮಾನ ಬೇಕೆಂದು ಕಂಪನಿಗಳು ಹೆಸರು ಬರೆಸಿದ್ದವು. ಅದರಲ್ಲಿ ಏರ್ ಇಂಡಿಯಾದ ಎರಡೂ ಇದ್ದವು. 1973ರ ಜನವರಿಯಲ್ಲಿ ಅಮೆರಿಕದ ವಿಮಾನ ಕಂಪನಿಗಳಾದ ಪ್ಯಾನ್ ಆಮ್, ಟಿಡಬ್ಲ್ಯುಎ ಹಿಂದೆ ಸರಿದ ಮೇಲೆ ಉಳಿದವರೂ ಕೈಬಿಟ್ಟರು. ಅದೇ ವರ್ಷದ ಕೊನೆಗೆ ತೈಲದ ಬೆಲೆಯೂ ಏರಿತು. ಕೊನೆಗೆ ಸೇವೆಗೆ ಸಿಕ್ಕಿದ್ದು 14: ಬ್ರಿಟಿಷ್ ಏರ್‌ವೇಸ್‌ಗೆ ಏಳು, ಏರ್ ಫ್ರಾನ್ಸ್‌ಗೆ ಏಳು.

ಪ್ಯಾರಿಸ್ಸಿನ ಲ ಬೂರ್ಜೆ ಮ್ಯೂಸಿಯಂಗೆ ಅರ್ಧ ದಿನ ಸಾಲದು. ಆರ್‌ಇಆರ್ ಬಿ ಎಂಬ ಉಪನಗರ ರೈಲಿನಲ್ಲಿ ಲ ಬೂರ್ಜೆ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ಬಸ್ ಹಿಡಿಯಿರಿ. ಸೋಮವಾರ ರಜೆ. ಬೆಸ ವರ್ಷಗಳ ಜೂನ್‌ನಲ್ಲಿ ಏರ್ ಶೋ ನಡೆಯುವ ವಾರ ಬೇಡ. ವಿಮಾನದೊಳಗೆ ಹೋಗಲು ಯಾವ ಟಿಕೆಟ್ ಬೇಕೆಂದು ಬಾಗಿಲಲ್ಲೇ ಕೇಳಿ ತೆಗೆದುಕೊಳ್ಳಿ. ಮೊಟ್ಟಮೊದಲ ಕಾಂಕಾರ್ಡ್ 001 ಮತ್ತು ಸಿಯೆರಾ ಡೆಲ್ಟಾ (ನೋಂದಣಿ ಎಸ್‌ಡಿ ಎಂದು ಮುಗಿಯುವ ಕಾಂಕಾರ್ಡ್) ಅಕ್ಕಪಕ್ಕದಲ್ಲೇ ಇವೆ. ಎರಡರ ಮೂತಿಯ ನಡುವೆ ನಿಂತು ತಲೆ ಎತ್ತಿ ನೋಡಿ. 001ರಲ್ಲಿ ವೇಗವಾಗಿ ಹಾರುವಾಗ ಕಾಕ್‌ಪಿಟ್ ಗಾಜಿನ ಮುಂದೆ ಏರಿ ಕೂರುವ ಮರೆ ಬಹುಪಾಲು ಲೋಹದ್ದು, ಮುಂದೆ ಕಾಣಲು ಸಣ್ಣ ಸಂದು ಮಾತ್ರ. ಪೈಲಟ್ ಕಣ್ಣಿಗೆ ಇದು ಸಾಲದು ಎಂಬ ಆಕ್ಷೇಪ ಬಂದ ಮೇಲೆ ಪೂರಾ ಗಾಜಿನ ಮರೆ ಬಂತು. ಅದು ಪಕ್ಕದ ವಿಮಾನದಲ್ಲಿದೆ. 1973ರ ಜೂನ್ 30ರ ಗ್ರಹಣಕ್ಕೆ ಇದೇ 001ರ ಚಾವಣಿಯಲ್ಲಿ ಕಿಟಕಿ ಕೊರೆದು, ವಿಜ್ಞಾನಿಗಳನ್ನು ಕೂರಿಸಿಕೊಂಡು ಚಂದ್ರನ ನೆರಳಿನ ಜೊತೆಜೊತೆಗೇ ಆಫ್ರಿಕಾದ ಮೇಲೆ ಹಾರಿಸಿದರು. ನೆಲದ ಮೇಲೆ ಏಳು ನಿಮಿಷ ಸಿಗುವ ಪೂರ್ಣ ಗ್ರಹಣ ಅವರಿಗೆ 74 ನಿಮಿಷ ಸಿಕ್ಕಿತು. ಇಂಥ ಸಾಹಸ ಮತ್ತೊಂದಿಲ್ಲ.

ಸಿಯೆರಾ ಡೆಲ್ಟಾಗೆ 1996ರಲ್ಲಿ ಪೆಪ್ಸಿ ಜಾಹೀರಾತಿಗಾಗಿ ನೀಲಿ ಬಣ್ಣ ಬಳಿದಿದ್ದರು. ಕಾಂಕಾರ್ಡಿಗೆ ಬಿಳಿ ಬಣ್ಣ ಬರೀ ಅಲಂಕಾರವಲ್ಲ, ಬಿಸಿ ಹೊರಹಾಕುವುದಕ್ಕೆಂದೇ ಆರಿಸಿದ್ದು. ಹಾಗಾಗಿ ನೀಲಿ ಇರುವಷ್ಟು ದಿನ ಮ್ಯಾಕ್ 2ರಲ್ಲಿ, ಅಂದರೆ ಶಬ್ದದ ಎರಡರಷ್ಟು ವೇಗದಲ್ಲಿ, 20 ನಿಮಿಷ ಮೀರಬಾರದು ಎಂಬ ಮಿತಿ ಇತ್ತು. ರೆಕ್ಕೆಯಲ್ಲಿ ಇಂಧನ ಇರುವುದರಿಂದ ರೆಕ್ಕೆಯನ್ನು ಬಿಳಿಯಾಗಿಯೇ ಬಿಟ್ಟರು.

ಎರಡು ದಿನ ಹೆಚ್ಚಿಗೆ ಇದ್ದರೆ ಜರ್ಮನಿಯ ಜಿನ್ಸ್‌ಹೈಮ್‌ಗೆ ಹೋಗಿ. ಕಾಂಕಾರ್ಡ್, ಅದರಂತೆಯೇ ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ರಷ್ಯಾದ ಟಿಯು-144 ಎರಡೂ ಒಂದೇ ಕಡೆ ಇರುವುದು ಅಲ್ಲಿ ಮಾತ್ರ. ಎರಡನ್ನೂ ಮೂತಿ ಮೇಲೆತ್ತಿ ಕಂಬದ ಮೇಲೆ ನಿಲ್ಲಿಸಿರುವುದರಿಂದ ಒಳಗೆ ನಡೆಯುವುದೆಂದರೆ ದಿಬ್ಬ ಹತ್ತಿದಂತೆ. ಜಾರದ ಚಪ್ಪಲಿ ಹಾಕಿಕೊಳ್ಳಿ.

ಕೊನೆಗೆ ಬ್ರಿಸ್ಟಲ್‌ನ ಫಿಲ್ಟನ್. ಬ್ರಿಟನ್ನಿನ ಕಾಂಕಾರ್ಡ್‌ಗಳನ್ನು ಜೋಡಿಸಿದ ಜಾಗ ಇದು. 2003ರ ನವೆಂಬರ್ 26ರಂದು ಕಾಂಕಾರ್ಡೊಂದು ಕೊನೆಯ ಬಾರಿ ಹಾರಿ ಇಳಿದಿದ್ದೂ ಇಲ್ಲೇ. ಆ ಜಿ-ಬಿಓಎಎಫ್ ಈಗ ಏರೋಸ್ಪೇಸ್ ಬ್ರಿಸ್ಟಲ್ ಮ್ಯೂಸಿಯಂನಲ್ಲಿದೆ. ಒಳಗೆ ಇಕ್ಕಟ್ಟು, ಬೆನ್ನಿನ ಬ್ಯಾಗನ್ನು ಎದೆಗೆ ಹಾಕಿಕೊಳ್ಳಿ. ಸೀಟು ನೂರು, ಕಿಟಕಿ ಅಂಗೈ ಅಗಲ. 18,000 ಮೀಟರ್ ಎತ್ತರದಲ್ಲಿ ಗಾಜು ಒಡೆದರೂ ಗಾಳಿ ನಿಧಾನವಾಗಿ ಸೋರಲಿ ಎಂದೇ ಅಷ್ಟು ಚಿಕ್ಕದು. ಕಾಕ್‌ಪಿಟ್ ಫೋಟೊಗೆ ಅಡ್ಡಗಾಜಿನ ಪ್ರತಿಫಲನ ಕಾಟ ಕೊಡುತ್ತದೆ. ಲೆನ್ಸನ್ನು ಗಾಜಿಗೆ ತಾಗಿಸಿಯೇ ಹಿಡಿಯಿರಿ.

ಬಲಗಡೆ ಫ್ಲೈಟ್ ಎಂಜಿನಿಯರ್ ಕೂರುತ್ತಿದ್ದ ಫಲಕ ತುಂಬ ಇಂಧನದ ಗುಂಡಿಗಳು, ಮುಳ್ಳುಗಳು. ಶಬ್ದದ ವೇಗ ದಾಟಿದಾಗ ರೆಕ್ಕೆಯ ಎತ್ತುವ ಬಲ ಹಿಂದಕ್ಕೆ ಸರಿದು ಮೂತಿ ಬಾಗುತ್ತದೆ. ಅದನ್ನು ಸರಿದೂಗಿಸಲು ಸುಮಾರು 20 ಟನ್ ಇಂಧನವನ್ನು ಮುಂದಿನ ಟ್ಯಾಂಕುಗಳಿಂದ ಹಿಂದಕ್ಕೆ ಪಂಪ್ ಮಾಡುತ್ತಿದ್ದರು, ಇಳಿಯುವಾಗ ಮತ್ತೆ ಮುಂದಕ್ಕೆ.  ಆ ಫಲಕಕ್ಕೂ ಹಿಂದಿನ ಗೋಡೆಗೂ ನಡುವಿನ ಗೆರೆ ನೋಡಿ. ಗಾಳಿಯ ಒತ್ತಡಕ್ಕೆ ಮೂತಿಯ ತುದಿ 127 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು, 62 ಮೀಟರ್ ಉದ್ದದ ವಿಮಾನ 15ರಿಂದ 25 ಸೆಂ.ಮೀ. ಹಿಗ್ಗುತ್ತಿತ್ತು. ಆಗ ಇಲ್ಲಿ ಕೈ ತೂರುವಷ್ಟು ಸಂದು ಬಿಡುತ್ತಿತ್ತು. ಕೊನೆಯ ಹಾರಾಟಗಳಲ್ಲಿ ಕೆಲವು ಎಂಜಿನಿಯರ್‌ಗಳು ತಮ್ಮ ಟೋಪಿಯನ್ನು ಆ ಸಂದಿಗೆ ತೂರಿಸಿದರು. ವಿಮಾನ ತಣ್ಣಗಾಗುತ್ತ ಸಂದು ಮುಚ್ಚಿತು, ಟೋಪಿ ಅಲ್ಲೇ ಸಿಕ್ಕಿಕೊಂಡಿತು.