ಲಾರಿಗೆ ಸೆರಾಮಿಕ್ ಕೋಟಿಂಗ್ ಬೇಕೇ ಎಂದು ಕೇಳುವವರಿಗೆ

ಚಿತ್ರದುರ್ಗದ ಹೊರಗೆ, ರಾಷ್ಟ್ರೀಯ ಹೆದ್ದಾರಿ 48ರಿಂದ ಕೂಗಳತೆಯ ದೂರದಲ್ಲಿ, ನಮ್ಮದೊಂದು ಪೇಂಟಿಂಗ್ ಶೆಡ್ ಇದೆ. ಲಾರಿಗಳಿಗೆ ಬಣ್ಣ ಹೊಡೆಯುವುದು ಮೊದಲಿನಿಂದ ಮಾಡಿಕೊಂಡು ಬಂದ ಕೆಲಸ. ಕಾರುಗಳಿಗೆ ಸೆರಾಮಿಕ್ ಕೋಟಿಂಗ್ ಮಾಡಲು ತೊಡಗಿದ್ದು ಇತ್ತೀಚೆಗೆ. ಒಂದೇ ಶೆಡ್ಡಿನಲ್ಲಿ ಎರಡೂ ನಡೆಯುವುದನ್ನು ಕಂಡ ಲಾರಿ ಮಾಲೀಕರು, ಮಿನುಗುತ್ತ ನಿಂತ ಕಾರಿನ ಬಾನೆಟ್ಟಿನ ಮೇಲೆ ಒಮ್ಮೆ ಕೈಯಾಡಿಸಿ, "ನಮ್ ಗಾಡಿಗೂ ಇದನ್ನೇ ಹೊಡೆಸಿಬಿಟ್ರೆ ಹೆಂಗಣ್ಣಾ?" ಎಂದು ಕೇಳದೆ ಹೋಗುವುದಿಲ್ಲ. ಹೊಡೆಸಿ ಎಂದರೆ ಲಾಭ ನನಗೇ. ಆದರೂ ಕೇಳಿದವರಲ್ಲಿ ಹೆಚ್ಚಿನವರಿಗೆ ಬೇಡವೆಂದೇ ಹೇಳಿದ್ದೇನೆ, ಕೆಲವರಿಗೆ ಕ್ಯಾಬಿನ್ನಿಗೆ ಮಾತ್ರ ಮಾಡಿಸಿ ಎಂದಿದ್ದೇನೆ, ಇಡೀ ಲಾರಿಗೆ ಮಾಡಿಸಿ ಎಂದು ಇದುವರೆಗೆ ಯಾರಿಗೂ ಹೇಳಿಲ್ಲ.

ಹೆಸರು ಕೇಳಿದವರು ನೆಲಕ್ಕೆ ಹಾಸುವ ಟೈಲ್ಸಿನಂಥ ಕವಚವೊಂದನ್ನು ಕಲ್ಪಿಸಿಕೊಳ್ಳುತ್ತಾರೆ. ಬಾಟಲಿಯಲ್ಲಿರುವುದು ಸಿಲಿಕಾ ಮೂಲದ ರಾಸಾಯನಿಕ ಬೆರೆತ ತೆಳು ದ್ರವ. ಅದನ್ನು ಸಣ್ಣ ಪ್ಯಾಡಿನಿಂದ ಬಣ್ಣದ ಮೇಲೆ ಸವರಿ ಒರೆಸಿದಾಗ ದ್ರಾವಕ ಆರಿಹೋಗಿ, ಉಳಿದದ್ದು ಗಾಳಿಯ ತೇವದೊಂದಿಗೆ ಕೂಡಿ ಗಟ್ಟಿಯಾಗುತ್ತದೆ. ಹೀಗೆ ನಿಲ್ಲುವ ಪದರದ ದಪ್ಪ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್; ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಮುಂದೆ ಹೋಗುವ ಟಿಪ್ಪರಿನ ಚಕ್ರದಿಂದ ಸಿಡಿದ ಜಲ್ಲಿಕಲ್ಲು ಇಂಥ ಪದರಕ್ಕೆ ಜಗ್ಗುವುದಿಲ್ಲ. ಡಬ್ಬಿಯ ಮೇಲೆ ಬರೆದಿರುವ 9ಎಚ್ ಎಂಬ ಗಡಸುತನವನ್ನು ಕಂಡು ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಎಂದು ನಂಬಿದವರನ್ನೂ ನೋಡಿದ್ದೇನೆ. ಅದು ಪೆನ್ಸಿಲ್ ಪರೀಕ್ಷೆಯ ಅಂಕಿ. ಚಿತ್ರ ಬರೆಯುವ ಪೆನ್ಸಿಲ್ಲುಗಳಲ್ಲಿ 9ಎಚ್ ಎಂಬುದರಿಂದ ಗೀಚಿದರೂ ಗೀರು ಬೀಳಲಿಲ್ಲ ಎಂಬಷ್ಟೇ ಅದರ ಅರ್ಥ. ವಜ್ರಕ್ಕೆ 10 ಕೊಡುವ ಖನಿಜಗಳ ಮೋಸ್ ಮಾಪನವೇ ಬೇರೆ, ಅದರಲ್ಲಿ ರಸ್ತೆಯ ಮರಳಿನಲ್ಲಿರುವ ಬೆಣಚುಕಲ್ಲು 7, ಭೀಮಸಮುದ್ರದ ಕಡೆಯಿಂದ ಬರುವ ಲಾರಿಗಳ ಮೇಲೆ ಕೂತಿರುವ ಕಬ್ಬಿಣದ ಅದಿರಿನ ಧೂಳು 6ರ ಆಸುಪಾಸು. ಆ ಕೆಂಧೂಳನ್ನು ಒಣಬಟ್ಟೆಯಿಂದ ಉಜ್ಜಿದರೆ ಕೋಟಿಂಗ್ ಇದ್ದರೂ ಗೀರು ಬಿದ್ದೇ ಬೀಳುತ್ತದೆ.

ಹಾಗಾದರೆ ಉಪಯೋಗವೇನು ಎಂದರೆ, ತೊಳೆಯುವುದು ಹಗುರವಾಗುತ್ತದೆ. ನೀರು ನಿಲ್ಲದೆ ಉರುಳಿಹೋಗುತ್ತದೆ, ಕೆಸರು ಬಿಗಿಯಾಗಿ ಹಿಡಿಯುವುದಿಲ್ಲ, ಗಾಜಿನ ಕೆಳಗೆ ಅಂಟಿಕೊಂಡ ಹುಳುಗಳೂ ಡಾಂಬರಿನ ಚುಕ್ಕೆಗಳೂ ಸುಲಭವಾಗಿ ಬಿಡುತ್ತವೆ, ಬಿಸಿಲಿಗೆ ಬಣ್ಣ ಮಂಕಾಗುವುದು ಸ್ವಲ್ಪ ನಿಧಾನವಾಗುತ್ತದೆ. ನಿಯಮಿತವಾಗಿ ತೊಳೆಯುವ ವಾಹನಕ್ಕೆ ಇವೆಲ್ಲ ನಿಜವಾದ ಲಾಭಗಳು. ಆದ್ದರಿಂದ ಕೇಳಿದವರಿಗೆ ನಾನು ಹಾಕುವ ಮೊದಲ ಮರುಪ್ರಶ್ನೆ, ಗಾಡಿಯನ್ನು ಯಾರು ತೊಳೆಯುತ್ತಾರೆ, ಯಾವ ನೀರಿನಲ್ಲಿ ತೊಳೆಯುತ್ತಾರೆ ಎಂಬುದು.

ನೀರಿನ ಮಾತು ನಮ್ಮ ಜಿಲ್ಲೆಯಲ್ಲಿ ಸಣ್ಣದಲ್ಲ. ಇಲ್ಲಿನ ಬೋರ್‌ವೆಲ್ ನೀರು ಎಷ್ಟು ಗಡಸೆಂಬುದು ಮನೆಯ ನಲ್ಲಿಯ ಬುಡದಲ್ಲಿ ಕಟ್ಟಿಕೊಳ್ಳುವ ಬಿಳಿ ಹೆಪ್ಪನ್ನು ಕೆರೆದವರಿಗೆಲ್ಲ ಗೊತ್ತು. ಕೋಟಿಂಗ್ ಇರುವ ಮೈಮೇಲೆ ಉರುಳಿಹೋಗದೆ ಉಳಿದ ನೀರು ಹನಿಹನಿಯಾಗಿ ನಿಲ್ಲುತ್ತದೆ. ಬಿಸಿಲಿನಲ್ಲಿ ಹಾಗೇ ಒಣಗಲು ಬಿಟ್ಟರೆ ಒಂದೊಂದು ಹನಿಯೂ ತನ್ನ ಸುಣ್ಣದ ಅಂಶವನ್ನು ಉಂಗುರದಂತೆ ಅಲ್ಲಿಯೇ ಬಿಟ್ಟುಹೋಗುತ್ತದೆ. ಕಡು ಬಣ್ಣದ ಕ್ಯಾಬಿನ್ನಿನ ಮೇಲೆ ಅದು ಸಿಡುಬಿನ ಕಲೆಯ ಹಾಗೆ ಕಾಣುತ್ತದೆ, ಮತ್ತು ಬಹಳ ದಿನ ಬಿಟ್ಟರೆ ಪಾಲಿಶ್ ಮಾಡದೆ ಹೋಗುವುದಿಲ್ಲ, ಪಾಲಿಶ್ ಮಾಡಿದರೆ ಕೋಟಿಂಗೂ ಜೊತೆಗೆ ಹೋಗುತ್ತದೆ. ತೊಳೆದ ಕೂಡಲೇ ಮೆತ್ತನೆಯ ಮೈಕ್ರೋಫೈಬರ್ ಬಟ್ಟೆಯಿಂದ ನೀರನ್ನು ಹೀರಿಸಿ ಒರೆಸಬೇಕು. ಚಳ್ಳಕೆರೆಯಲ್ಲಿ ಲೋಡು ಇಳಿಸಿ ಅದೇ ರಾತ್ರಿ ಮಂಗಳೂರಿಗೆ ಹೊರಡಬೇಕಾದ ಡ್ರೈವರ್ ಇದನ್ನು ಮಾಡುತ್ತಾನೆಯೇ? ವಾಟರ್ ಸರ್ವಿಸಿನವರು ಹಾಕುವ ಖಾರವಾದ ಸೋಪಿನ ಪುಡಿ, ಹೊಳಪು ಬರಲೆಂದು ಕ್ಲೀನರ್ ಒರೆಸುವ ಡೀಸೆಲ್ ಬಟ್ಟೆ, ಇವೆರಡೂ ಕೋಟಿಂಗಿನ ಆಯುಷ್ಯವನ್ನು ಕಡಿಮೆ ಮಾಡುತ್ತವೆ. ಡೀಸೆಲ್ಲಿನ ಜಿಡ್ಡಿಗೆ ಧೂಳು ಕೂತು ಅಂಟಿಕೊಳ್ಳುವುದರಿಂದ ಕೋಟಿಂಗ್ ಮಾಡಿಸಿದ ಉದ್ದೇಶವೇ ಅಲ್ಲಿಗೆ ಕೆಡುತ್ತದೆ.

ಎರಡನೆಯದು ಬಣ್ಣದ ಜಾತಿ. ಕ್ಯಾಬಿನ್ನಿನ ಬಣ್ಣ ಕಾರ್ಖಾನೆಯಲ್ಲಿ ಒಲೆಯ ಬಿಸಿಯಲ್ಲಿ ಗಟ್ಟಿಯಾದದ್ದು. ಹಿಂದಿನ ಬಾಡಿಯದ್ದು ಹಾಗಲ್ಲ, ಬಾಡಿ ಕಟ್ಟುವವರ ಬಯಲಿನಲ್ಲಿ ಬ್ರಷ್ಷಿನಿಂದಲೋ ಗನ್ನಿನಿಂದಲೋ ಹೊಡೆದ ಎನಾಮೆಲ್ ಅದು, ಹಗ್ಗ ಉಜ್ಜಿ, ತಾಡಪಾಲು ತಿಕ್ಕಿ, ಹಮಾಲರ ಕೊಕ್ಕೆ ತಾಗಿ ವರ್ಷದೊಳಗೆ ಸವೆಯುವಂಥದ್ದು. ಅದರ ಮೇಲೆ ಸೆರಾಮಿಕ್ ಹಚ್ಚುವುದು ಹಣವನ್ನು ಹೊಳೆಗೆ ಹಾಕಿದಂತೆ. ನಿಮ್ಮ ಗಾಡಿಯ ಬಣ್ಣದ ಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪದರ, ಇದೆಯೇ ಎಂದು ತಿಳಿಯಲು, ಕಾಣದ ಮೂಲೆಯೊಂದರಲ್ಲಿ ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಉಜ್ಜಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣ ಹತ್ತಿದರೆ ಮೇಲೆ ಕ್ಲಿಯರ್ ಇಲ್ಲ. ಈಚೆಗೆ ಬಣ್ಣ ಹೊಡೆಸಿದ ಗಾಡಿಯಾದರೆ ಒಳಗಿನ ಥಿನ್ನರ್ ಪೂರ್ತಿ ಆರಲು ಕನಿಷ್ಠ ಒಂದು ತಿಂಗಳಾದರೂ ಬಿಡಬೇಕು.

ನಮ್ಮಂಥ ಬಣ್ಣದವರ ಒಂದು ಗೋಳನ್ನೂ ಇಲ್ಲಿ ಹೇಳಬೇಕು. ಸೆರಾಮಿಕ್ ಹಚ್ಚಿದ ಮೈಮೇಲೆ ಏನೂ ಹಿಡಿಯುವುದಿಲ್ಲ ಎಂದರೆ ಬಣ್ಣವೂ ಹಿಡಿಯುವುದಿಲ್ಲ. ಗಾಜಿನ ಮೇಲ್ಗಡೆ ಶ್ರೀ ತಿಪ್ಪೇರುದ್ರಸ್ವಾಮಿ ಪ್ರಸನ್ನ ಎಂದು ಬರೆಸುವುದಿದ್ದರೆ, ಬಾಗಿಲ ಮೇಲೆ ಮಕ್ಕಳ ಹೆಸರು ಬರೆಸುವುದಿದ್ದರೆ, ಸ್ಟಿಕ್ಕರ್ ಅಂಟಿಸುವುದಿದ್ದರೆ ಎಲ್ಲವನ್ನೂ ಮೊದಲೇ ಮುಗಿಸಿಕೊಳ್ಳಬೇಕು. ಸರಕು ವಾಹನಕ್ಕೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಎಫ್‌ಸಿ, ಅಂದರೆ ಗಾಡಿ ರಸ್ತೆಯಲ್ಲಿ ಓಡಲು ಯೋಗ್ಯವೆಂಬ ಪ್ರಮಾಣಪತ್ರ, ಆಗಬೇಕು. ಎಫ್‌ಸಿ ಹತ್ತಿರ ಬಂತೆಂದರೆ ಬಣ್ಣ ಹೊಡೆಸುವುದು ನಮ್ಮ ಕಡೆಯ ವಾಡಿಕೆ. ಆಗ ಹಳೆಯ ಕೋಟಿಂಗನ್ನು ಎಮರಿ ಕಾಗದದಿಂದ ಪೂರಾ ಉಜ್ಜಿ ತೆಗೆಯಬೇಕು. ಸ್ವಲ್ಪ ಉಳಿದರೂ, ಅಥವಾ ಹಿಂದೆ ಹಚ್ಚಿದ ಸಿಲಿಕೋನ್ ಪಾಲಿಶಿನ ಅಂಶ ಉಳಿದಿದ್ದರೂ, ಹೊಸ ಬಣ್ಣ ಮೀನಿನ ಕಣ್ಣಿನಂತೆ ಗುಂಡಗುಂಡಗೆ ಬಿಟ್ಟುಕೊಳ್ಳುತ್ತದೆ. ಹಾಗೆ ಕೆಟ್ಟ ಒಂದು ಕ್ಯಾಬಿನ್ನನ್ನು ನಾನು ಕೈಯಿಂದ ಹಣ ಹಾಕಿ ಎರಡನೆಯ ಸಲ ಹೊಡೆದುಕೊಟ್ಟಿದ್ದೇನೆ. ಅಂದಿನಿಂದ ಕೋಟಿಂಗಿನ ಕೆಲಸಕ್ಕೆ ಶೆಡ್ಡಿನ ಆಚೆ ಬದಿಯಲ್ಲಿ ಪ್ರತ್ಯೇಕ ಗೋಡೆ ಕಟ್ಟಿಸಿದೆ.

ಖರ್ಚಿನ ವಿಷಯಕ್ಕೆ ಬಂದರೆ, ಕ್ಯಾಬಿನ್ನಿಗೆ ಮಾತ್ರವೆಂದರೂ ನಾವು 18 ಸಾವಿರ ರೂಪಾಯಿ ಪಡೆಯುತ್ತೇವೆ. ಅದರಲ್ಲಿ ಹೆಚ್ಚಿನ ಪಾಲು ಹೋಗುವುದು ಕೋಟಿಂಗಿಗೆ ಮೊದಲು ಮಾಡುವ ತೊಳೆತ, ಉಜ್ಜುವಿಕೆ, ಪಾಲಿಶ್‌ಗಳ ಕೂಲಿಗೆ. ಆ ಕೆಲಸ ಬಿಟ್ಟು ಕಡಿಮೆ ದರಕ್ಕೆ ಮಾಡಿಕೊಡುತ್ತೇವೆ ಎನ್ನುವವರ ಬಳಿ ಹೋಗದಿರುವುದು ಒಳ್ಳೆಯದು, ಏಕೆಂದರೆ ಇರುವ ಗೀರುಗಳ ಮೇಲೆಯೇ ಕೋಟಿಂಗ್ ಕೂತರೆ ಗೀರುಗಳೇ ಹೊಳೆಯುತ್ತವೆ. ಇದರ ಮೇಲೆ ಗಾಡಿ ಎರಡು ಮೂರು ದಿನ ನಿಲ್ಲಬೇಕು, ಆ ದಿನಗಳ ಬಾಡಿಗೆ ತಪ್ಪುತ್ತದೆ, ಕಂತು ತಪ್ಪುವುದಿಲ್ಲ. ಅಷ್ಟೇ ಹಣವನ್ನು ಲಾರಿಯ ತುಕ್ಕಿಗೆ ಹಾಕಿದರೆ ಹೆಚ್ಚು ಬಾಳುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಲಾರಿಯನ್ನು ತಿನ್ನುವ ತುಕ್ಕು ಬಾಗಿಲಿನ ಕೆಳಅಂಚಿನಲ್ಲಿ, ಕ್ಯಾಬಿನ್ನಿನ ಮ್ಯಾಟಿನಡಿಯಲ್ಲಿ, ಬ್ಯಾಟರಿ ಪೆಟ್ಟಿಗೆಯ ಸುತ್ತ, ಬಾಡಿಯ ವೆಲ್ಡಿಂಗ್ ಬೆಸುಗೆಗಳಲ್ಲಿ ಹುಟ್ಟುತ್ತದೆ. ಪೊಟ್ಯಾಷ್ ಗೊಬ್ಬರ ಅಥವಾ ಉಪ್ಪಿನ ಲೋಡು ಹೊಡೆಯುವವರಲ್ಲಂತೂ ತಳದ ತಗಡು ಬೇಗ ಹೋಗುತ್ತದೆ. ಅಲ್ಲಿ ಸೆರಾಮಿಕ್ ಯಾವ ಕೆಲಸಕ್ಕೂ ಬಾರದು, ಕೆರೆದು ಪ್ರೈಮರ್ ಹೊಡೆದು ಚಾಸಿ ಪೇಂಟ್ ಹಾಕುವುದೊಂದೇ ದಾರಿ.

ಇಷ್ಟೆಲ್ಲ ಹೇಳಿದ ಮೇಲೂ ಕ್ಯಾಬಿನ್ನಿಗೆ ಮಾಡಿಸಿ ಎಂದು ನಾನು ಹೇಳಿದ್ದು ಎಂಥವರಿಗೆಂದರೆ, ತಾವೇ ಮಾಲೀಕರಾಗಿ ತಾವೇ ಓಡಿಸುವವರಿಗೆ, ಗಾಡಿ ಶೋರೂಮಿನಿಂದ ಬಂದು ಇನ್ನೂ ತಿಂಗಳುಗಳಷ್ಟೇ ಆಗಿರುವವರಿಗೆ, ಮತ್ತು ಹಾಲಿನ ಟ್ಯಾಂಕರಿನಂತೆ ದಿನವೂ ತೊಳೆಯಲೇಬೇಕಾದ ವಾಹನದವರಿಗೆ. ಟಿಪ್ಪರಿನವರನ್ನು ಚಹಾ ಕುಡಿಸಿ ಕಳಿಸುತ್ತೇನೆ. ಕಳೆದ ವಾರ ಹೊಳಲ್ಕೆರೆಯಿಂದ ಬಂದಿದ್ದ, ಅಡಿಕೆ ಲೋಡು ಹೊಡೆಯುವ ಹಿರಿಯರೊಬ್ಬರು ಆಯುಧಪೂಜೆಗೆ ಎರಡು ದಿನವಿರುವಾಗ ಹೊಡೆಸಿಬಿಡೋಣ ಎಂದರು. ಹಚ್ಚಿದ ಮೇಲೆ ಒಂದು ದಿನ ನೀರು ತಾಗಬಾರದು, ಒಂದು ವಾರ ಸೋಪು ತಾಗಬಾರದು. ಪೂಜೆಯ ದಿನ ಅರಿಶಿನ, ಕುಂಕುಮ, ವಿಭೂತಿ, ಹೂವಿನ ಹಾರ ಎಲ್ಲವೂ ಆ ಹಸಿ ಪದರದ ಮೇಲೆಯೇ ಬರುತ್ತವೆ ಎಂದೆ. ಅವರು ಸ್ವಲ್ಪ ಯೋಚಿಸಿ, "ಹಂಗಾದ್ರೆ ಪೂಜೆ ಮುಗಿಸ್ಕೊಂಡೇ ಬರ್ತೀನಿ ಬಿಡಪ್ಪಾ" ಎಂದು, ಬಾಗಿಲಿನ ಕೆಳಗೆ ಎದ್ದಿದ್ದ ತುಕ್ಕನ್ನು ತೋರಿಸಿ ಅದನ್ನು ಮಾತ್ರ ಅಂದೇ ಮಾಡಿಸಿಕೊಂಡು ಹೋದರು.