ಕೂಲಿಂಗ್ ಪ್ಯಾಡ್ ತಗೊಳ್ಳೋ ಮುಂಚೆ ಲ್ಯಾಪ್‌ಟಾಪ್ ಎತ್ತಿ ನೋಡಿ

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ನನ್ನನ್ನು ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಅಕ್ಕ, ಕೂಲಿಂಗ್ ಪ್ಯಾಡ್ ತಗೊಂಡ್ರ ಉಪಯೋಗ ಆಗ್ತದೇನ್ರಿ?" ಲ್ಯಾಪ್‌ಟಾಪ್ ಕೆಳಗೆ ಇಡುವ ಫ್ಯಾನಿನ ಹಲಗೆಯೇ ಕೂಲಿಂಗ್ ಪ್ಯಾಡ್. ಕೇಳುವವರು ಹೆಚ್ಚಾಗಿ ನಮ್ಮ ಓಣಿಯ ಇಂಜಿನಿಯರಿಂಗ್ ಹುಡುಗರು. ನಾನು ಮನೆಯಲ್ಲೇ ಕೂತು ಮನೆಗಳ ಪ್ಲಾನ್, 3ಡಿ ಎಲಿವೇಶನ್ ಮಾಡಿಕೊಡುತ್ತೇನೆ. ರೆಂಡರ್, ಅಂದರೆ 3ಡಿ ಮಾದರಿಯಿಂದ ಚಿತ್ರ ತೆಗೆಯುವ ಕೆಲಸ, ಹಚ್ಚಿದರೆ ಲ್ಯಾಪ್‌ಟಾಪ್ ಗಂಟೆಗಟ್ಟಲೆ ಉಸಿರು ಬಿಡದೆ ದುಡಿಯಬೇಕು. ಹಾಗಾಗಿ ಲ್ಯಾಪ್‌ಟಾಪ್ ಬಿಸಿಯಾಗೋದು ನನಗೆ ಹೊಟ್ಟೆಪಾಡಿನ ವಿಷಯ.

ನನ್ನ ಉತ್ತರ ಇಷ್ಟೇ. ಕೆಳಗಿನಿಂದ ಗಾಳಿ ಸಾಲುತ್ತಿಲ್ಲ ಅಂದರೆ ಪ್ಯಾಡ್‌ನಿಂದ ಉಪಯೋಗ ಆಗುತ್ತದೆ. ತೊಂದರೆ ಒಳಗಿದ್ದರೆ ಆಗೋದಿಲ್ಲ. ನಿಮ್ಮದು ಯಾವುದು ಅಂತ ದುಡ್ಡು ಕೊಡುವ ಮುಂಚೆಯೇ ಮನೆಯಲ್ಲಿ ನೋಡಿಕೊಳ್ಳಬಹುದು.

ಪ್ಯಾಡ್‌ನ ಫ್ಯಾನು ಗಾಳಿಯನ್ನು ತಂಪು ಮಾಡುವುದಿಲ್ಲ. ಕೋಣೆಯಲ್ಲಿರುವ ಗಾಳಿಯನ್ನೇ ಮೇಲೆ ತಳ್ಳುತ್ತದೆ. ಕೋಣೆ 38 ಡಿಗ್ರಿ ಇದ್ದರೆ ಬರೋದು 38 ಡಿಗ್ರಿ ಗಾಳಿಯೇ. ಕೆಲಸವೂ ಅದೇ, ಫ್ಯಾನಿನ ವೇಗವೂ ಅದೇ ಅಂದುಕೊಳ್ಳಿ. ಆಗ ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ ಕೂಡ ಹೆಚ್ಚುಕಡಿಮೆ ಒಂದು ಡಿಗ್ರಿ ಏರುತ್ತದೆ. ಚಳಿಗಾಲದಲ್ಲಿ 24 ಡಿಗ್ರಿ ಕೋಣೆಯಲ್ಲಿ 85ಕ್ಕೆ ನಿಲ್ಲುವ ಚಿಪ್, ಮೇ ತಿಂಗಳ 38ರಲ್ಲಿ 99 ಮುಟ್ಟುತ್ತದೆ. ಇಂಟೆಲ್‌ನ ಬಹಳಷ್ಟು ಲ್ಯಾಪ್‌ಟಾಪ್ ಚಿಪ್‌ಗಳಿಗೆ 100 ಡಿಗ್ರಿಯೇ ಗಡಿ. ಗಡಿ ಹತ್ತಿರ ಬಂತೆಂದರೆ ಚಿಪ್ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಥ್ರಾಟ್ಲಿಂಗ್ ಅನ್ನೋದು ಇದನ್ನೇ. ಸುತ್ತಲಿನ ಗಾಳಿ 10ರಿಂದ 35 ಡಿಗ್ರಿ ಒಳಗಿರುವ ಕಡೆ ಮ್ಯಾಕ್‌ಬುಕ್ ಬಳಸಿ ಅಂತ ಆಪಲ್ ಕಂಪನಿಯೇ ಹೇಳುತ್ತದೆ. ನಮ್ಮೂರಲ್ಲಿ ಮೇ ಮಧ್ಯಾಹ್ನ ಹೊರಗೆ 42 ಇರುತ್ತದೆ, ತಲೆ ಮೇಲೆ ಕಾದ ಆರ್‌ಸಿಸಿ ಸ್ಲ್ಯಾಬ್ ಬೇರೆ.

ಪ್ಲಾನ್ ಹಾಕಿಸಲು ಬಂದವರಿಗೆಲ್ಲ ಒಂದು ಮಾತು ಹೇಳುತ್ತೇನೆ. ಕೋಣೆಗೆ ಒಂದೇ ಕಿಟಕಿ ಇಟ್ಟರೆ ಗಾಳಿ ಆಡುವುದಿಲ್ಲ, ಎದುರಿಗೆ ಇನ್ನೊಂದು ಬೇಕು. ಲ್ಯಾಪ್‌ಟಾಪೂ ಹಾಗೆಯೇ. ಹೆಚ್ಚಿನವುಗಳಲ್ಲಿ ಕೆಳಗಿನ ಜಾಲರಿಯಿಂದ ಗಾಳಿ ಒಳಗೆ ಬರುತ್ತದೆ. ಚಿಪ್‌ನ ಬಿಸಿಯನ್ನು ತಾಮ್ರದ ಹೀಟ್ ಪೈಪ್ ಅಂಚಿಗೆ ಒಯ್ಯುತ್ತದೆ. ಈ ಪೈಪ್ ಒಳಗೆ ಸ್ವಲ್ಪವೇ ದ್ರವ ಇರುತ್ತದೆ. ಚಿಪ್ ಹತ್ತಿರ ಅದು ಆವಿಯಾಗಿ, ಅಂಚಿನಲ್ಲಿ ಮತ್ತೆ ನೀರಾಗಿ ವಾಪಸ್ ಬರುತ್ತದೆ. ನನಗೆ ಇದು ಈಗಲೂ ಬಹಳ ಇಷ್ಟದ ಸಂಗತಿ. ಅಂಚಿನಲ್ಲಿ ತೆಳು ಲೋಹದ ಪಟ್ಟಿಗಳು ಒತ್ತೊತ್ತಾಗಿ ಇರುತ್ತವೆ. ಫ್ಯಾನು ಅವುಗಳ ನಡುವೆ ಗಾಳಿ ಊದಿ ಬಿಸಿಯನ್ನು ಹಿಂದಿನಿಂದಲೋ ಪಕ್ಕದಿಂದಲೋ ಹೊರಗೆ ಹಾಕುತ್ತದೆ.

ಕೆಳಗಿನ ರಬ್ಬರ್ ಕಾಲುಗಳ ಎತ್ತರ ಕೆಲವೇ ಮಿಲಿಮೀಟರ್. ಹಾಸಿಗೆ ಮೇಲಿಟ್ಟರೆ ಆ ಸಂದೂ ಮುಚ್ಚಿಹೋಗುತ್ತದೆ. ಶಹಾಬಾದ್ ಕಲ್ಲಿನ ನೆಲ ತಣ್ಣಗಿರುತ್ತದೆ ಅಂತ ನೆಲದ ಮೇಲೆ ಇಡುವವರೂ ಇದ್ದಾರೆ. ಕಲ್ಲಿನ ತಂಪು ಪ್ಲಾಸ್ಟಿಕ್ ತಳ ದಾಟಿ ಚಿಪ್ ಮುಟ್ಟುವುದಿಲ್ಲ. ನೆಲದ ಧೂಳು ಮಾತ್ರ ನೇರ ಜಾಲರಿಗೆ ಹೋಗುತ್ತದೆ.

ಈಗ ಪರೀಕ್ಷೆ. ಚಿಪ್‌ನ ಡಿಗ್ರಿ, ವೇಗ ತೋರಿಸುವ ಎಚ್‌ಡಬ್ಲ್ಯೂ ಇನ್ಫೋ ಅನ್ನುವ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಲ್ಯಾಪ್‌ಟಾಪ್ ಟೇಬಲ್ ಮೇಲೆ ಇಟ್ಟು ಭಾರದ ಕೆಲಸ ಒಂದನ್ನು ಇಪ್ಪತ್ತು ನಿಮಿಷ ಓಡಿಸಿ. ಆಮೇಲೆ ಹಿಂದಿನ ಎರಡು ಮೂಲೆಗೆ ಪುಸ್ತಕ ಕೊಟ್ಟು ಎರಡು ಇಂಚು ಎತ್ತಿ, ಜಾಲರಿ ಮುಚ್ಚದಂತೆ. ಅದೇ ಕೆಲಸ ಮತ್ತೆ ಓಡಿಸಿ. ವ್ಯತ್ಯಾಸ ಕಂಡರೆ ನಿಮ್ಮ ಲ್ಯಾಪ್‌ಟಾಪಿಗೆ ಕೆಳಗಿನ ಗಾಳಿ ಸಾಲುತ್ತಿರಲಿಲ್ಲ ಅಂತ ಅರ್ಥ. ಹಾಗಿದ್ದರೆ ಸಾದಾ ಸ್ಟ್ಯಾಂಡೇ ಅರ್ಧ ಕೆಲಸ ಮಾಡುತ್ತದೆ, ಪ್ಯಾಡ್ ಇನ್ನಷ್ಟು ಮಾಡಬಹುದು.

ಇಲ್ಲಿ ಬಹಳ ಜನ ಡಿಗ್ರಿ ಮಾತ್ರ ನೋಡುತ್ತಾರೆ. ಮೊದಲೂ 97, ಆಮೇಲೂ 97, ಪ್ಯಾಡ್ ದಂಡ ಅಂದುಬಿಡುತ್ತಾರೆ. ಗಡಿಗೆ ತಾಗಿಕೊಂಡೇ ಓಡುತ್ತಿರುವ ಚಿಪ್‌ಗೆ ಗಾಳಿ ಹೆಚ್ಚಿದರೆ ಅದು ತಣ್ಣಗಾಗುವ ಬದಲು ವೇಗ ಏರಿಸಿಕೊಳ್ಳುತ್ತದೆ. ಹಾಗಾಗಿ ಚಿಪ್‌ನ ವೇಗ ಹೇಳುವ ಗಿಗಾಹರ್ಟ್ಸ್ ನೋಡಿ, ಕೆಲಸ ಮುಗಿಯಲು ಹಿಡಿದ ಹೊತ್ತು ನೋಡಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಹಿಂಬದಿ ಎತ್ತಿದಾಗ ಡಿಗ್ರಿ ಇಳಿಯಲೇ ಇಲ್ಲ, ಆದರೆ ರೆಂಡರ್ ಬೇಗ ಮುಗಿಯಿತು. ನನಗೆ ಬೇಕಾದದ್ದು ಅದೇ ಅಲ್ವಾ?

ಎತ್ತಿದರೂ ಏನೂ ಬದಲಾಗಲಿಲ್ಲ ಅಂದರೆ ಒಳಗೆ ಧೂಳು ಕಟ್ಟಿರುವ ಸಾಧ್ಯತೆ ಜಾಸ್ತಿ. ನಮ್ಮ ಕಡೆ ತೊಗರಿ ರಾಶಿಯ ಕಾಲದಲ್ಲಿ ಧೂಳು ಕೇಳಬೇಡಿ. ಅದು ಫ್ಯಾನಿನ ಎಲೆಗಳಿಗಿಂತ ಹೆಚ್ಚಾಗಿ ಫ್ಯಾನು ಮತ್ತು ಆ ಲೋಹದ ಪಟ್ಟಿಗಳ ನಡುವೆ ದಪ್ಪ ಪದರವಾಗಿ ಕೂಡುತ್ತದೆ. ಹೊರಗಿನಿಂದ ಕಾಣುವುದಿಲ್ಲ. ಕೆಳಗಿನಿಂದ ಎಷ್ಟು ಗಾಳಿ ಕೊಟ್ಟರೂ ಹೊರಗೆ ಹೋಗುವ ದಾರಿಯೇ ಬಂದ್. ತಳ ಬಿಚ್ಚಿಸಿ ಸ್ವಚ್ಛ ಮಾಡಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನು ತಿರುಗದಂತೆ ಬೆರಳಿನಲ್ಲಿ ತಡೆಯಬೇಕು, ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಮೂರ್ನಾಲ್ಕು ವರ್ಷ ಹಳೆಯದಾದರೆ ಚಿಪ್‌ನ ಬಿಸಿಯನ್ನು ಹೀಟ್ ಪೈಪ್ ಕಡೆಗೆ ದಾಟಿಸಲು ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಕೂಡ ಹೊಸದು ಹಾಕಿಸಿ. ಪ್ಯಾಡ್‌ಗಿಂತ ಮೊದಲು ಇದಕ್ಕೆ ದುಡ್ಡು ಹಾಕಿ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಇಷ್ಟಾದ ಮೇಲೂ ಪ್ಯಾಡ್ ಬೇಕು ಅನಿಸಿದರೆ ಮೊದಲು ಲ್ಯಾಪ್‌ಟಾಪ್ ತಿರುವಿ ಜಾಲರಿ ಎಲ್ಲಿದೆ ನೋಡಿ. ಪ್ಯಾಡ್‌ನ ಫ್ಯಾನು ಅದರ ಕೆಳಗೇ ಬರಬೇಕು. ಬಣ್ಣದ ಲೈಟು, ಐದಾರು ಫ್ಯಾನು ಅಂತ ಮರುಳಾಗಬೇಡಿ. ಹಳೆಯ ಯುಎಸ್‌ಬಿ 2.0 ಪೋರ್ಟ್ ಕೊಡುವುದು 2.5 ವ್ಯಾಟ್ ಅಷ್ಟೇ, ಅದನ್ನು ಎಲ್ಲ ಫ್ಯಾನುಗಳೂ ಲೈಟೂ ಹಂಚಿಕೊಳ್ಳಬೇಕು. ಅಷ್ಟು ಮೆತ್ತಗಿನ ಗಾಳಿ ತಳಕ್ಕೆ ಬಡಿದು ಪಕ್ಕಕ್ಕೆ ಚೆಲ್ಲಿಹೋಗುತ್ತದೆ. ಸುತ್ತ ಫೋಮ್ ಅಂಚು ಇದ್ದು, ಸ್ವಂತ ಅಡಾಪ್ಟರ್‌ನಿಂದ ಓಡುವ ಪ್ಯಾಡ್‌ಗಳು ಬೇರೆಯೇ. ಗಾಳಿಗೆ ಜಾಲರಿಯೊಳಗೆ ಹೋಗದೆ ಬೇರೆ ದಾರಿ ಇರುವುದಿಲ್ಲ. ಶಬ್ದ ಮಾತ್ರ ವಿಪರೀತ, ಬೆಲೆಯೂ ಜಾಸ್ತಿ. ಗೇಮಿಂಗ್ ಲ್ಯಾಪ್‌ಟಾಪ್ ಇದ್ದವರಿಗೆ ಸರಿ. 2020ರ ಎಂ1 ಮ್ಯಾಕ್‌ಬುಕ್ ಏರ್‌ನಲ್ಲಂತೂ ಫ್ಯಾನೂ ಇಲ್ಲ, ತಳದಲ್ಲಿ ಜಾಲರಿಯೂ ಇಲ್ಲ. ಪ್ಯಾಡ್ ಇಟ್ಟರೆ ಲೋಹದ ತಳ ಸ್ವಲ್ಪ ತಣ್ಣಗಾಗಬಹುದು, ಅಷ್ಟೇ.

ನಮ್ಮ ಊರಿನ ಒಣ ಹವೆಗೆ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಕೋಣೆಯ ಗಾಳಿಯನ್ನೇ ಇಳಿಸುವುದರಿಂದ ಲ್ಯಾಪ್‌ಟಾಪಿಗೂ ನಿಜವಾದ ಲಾಭ. ನೇರ ಎದುರಿಗೆ ಮಾತ್ರ ಇಡಬೇಡಿ, ಹನಿ ಸಿಡಿಯುತ್ತದೆ. ಮಂಗಳೂರಿನಂಥ ಸೆಕೆಯ ಊರಲ್ಲಿ ಈ ಉಪಾಯ ನಡೆಯುವುದಿಲ್ಲ.

ಸುಮ್ನೆ ಪ್ಲಾನ್ ತಿದ್ದುವ ಕೆಲಸ ಇದ್ದಾಗ ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅನ್ನು ಶೇಕಡಾ 99ಕ್ಕೆ ಇಡುತ್ತೇನೆ. ಸಾಮಾನ್ಯವಾಗಿ ಟರ್ಬೊ, ಅಂದರೆ ಚಿಪ್ ತಾನೇ ಏರಿಸಿಕೊಳ್ಳುವ ಹೆಚ್ಚುವರಿ ವೇಗ, ನಿಂತು ಬಿಸಿ ಎದ್ದು ಕಾಣುವಷ್ಟು ಇಳಿಯುತ್ತದೆ. ದೊಡ್ಡ ರೆಂಡರ್ ಇದ್ದರೆ 100ಕ್ಕೆ ತಂದು ಬೆಳಗ್ಗೆ ಐದಕ್ಕೆ ಹಚ್ಚುತ್ತೇನೆ. ಸ್ಲ್ಯಾಬ್ ಹಗಲು ಕುಡಿದ ಬಿಸಿಯನ್ನು ರಾತ್ರಿ ಹತ್ತರವರೆಗೂ ಕೋಣೆಗೆ ಬಿಡುತ್ತಲೇ ಇರುತ್ತದೆ, ಹಾಗಾಗಿ ರಾತ್ರಿಗಿಂತ ಬೆಳಗಿನ ಜಾವವೇ ಒಳ್ಳೆಯದು.