ಆ ಕೊನೆ ಬೇಕಿತ್ತಾ ಅಂತ ಕೇಳುವವರಿಗೆ

"ಎಲ್ಲ ಚೆನ್ನಾಗಿದೆ, ಆದರೆ ಆ ಕೊನೆ ಬೇಕಿತ್ತಾ?"

ಜಾನ್ ಸ್ಟೈನ್‌ಬೆಕ್ ಬರೆದ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ಯಾರಿಗೆ ಓದಲು ಕೊಟ್ಟರೂ ಪುಸ್ತಕದ ಜೊತೆ ಈ ಪ್ರಶ್ನೆಯೂ ವಾಪಸ್ ಬರುತ್ತದೆ. ಕೆಲವರು ದನಿ ತಗ್ಗಿಸಿ ಕೇಳುತ್ತಾರೆ. ಕೆಲವರು ಮುಖ ಕಿವಿಚಿಕೊಂಡು ಕೇಳುತ್ತಾರೆ. "ನೀವು ಹೆಂಗಸಾಗಿ ಅದನ್ನು ಹೇಗೆ ಮೆಚ್ಚುತ್ತೀರಿ?" ಅಂತ ಕೇಳಿದವರೂ ಇದ್ದಾರೆ. ಹತ್ತು ಹನ್ನೆರಡು ವರ್ಷದಿಂದ ಬಾಯಲ್ಲೇ ಉತ್ತರ ಹೇಳಿ ಸಾಕಾಗಿದೆ. ಈಗ ಬರೆದಿಡುತ್ತೇನೆ. ಮುಂದೆ ಯಾರು ಕೇಳಿದರೂ ಇದನ್ನೇ ಓದಿ ಅನ್ನುತ್ತೇನೆ.

ಬೇಕಿತ್ತು. ಅದಿಲ್ಲದೆ ಆ ಪುಸ್ತಕವೇ ಇಲ್ಲ.

ಓದದವರಿಗಾಗಿ ಕಥೆಯನ್ನು ಸ್ವಲ್ಪ ಹೇಳಬೇಕು. 1930ರ ದಶಕ, ಅಮೆರಿಕದ ಒಕ್ಲಹೋಮ. ಮಳೆಯಿಲ್ಲ, ದೂಳು, ಸಾಲ. ಗೇಣಿಗೆ ಉಳುತ್ತಿದ್ದ ಜೋಡ್ ಕುಟುಂಬವನ್ನು ಜಮೀನಿನ ಒಡೆಯರು ಎಬ್ಬಿಸುತ್ತಾರೆ. ಹತ್ತಾರು ಕುಟುಂಬ ಮಾಡುತ್ತಿದ್ದ ಕೆಲಸವನ್ನು ಒಂದು ಟ್ರ್ಯಾಕ್ಟರ್ ಮಾಡುತ್ತದೆ. 'ಕ್ಯಾಲಿಫೋರ್ನಿಯಾದಲ್ಲಿ ಹಣ್ಣು ಕೀಳಲು ಆಳು ಬೇಕು' ಎಂಬ ಕರಪತ್ರ ನಂಬಿಕೊಂಡು, ಹಳೇ ಹಡ್ಸನ್ ಕಾರನ್ನು ಕೊಯ್ದು ಲಾರಿ ಮಾಡಿಕೊಂಡು, 66ನೇ ಹೆದ್ದಾರಿ ಹಿಡಿದು ಹೊರಡುತ್ತಾರೆ. ಆ ಲಾರಿಯಲ್ಲಿ ಹೊರಟವರು 13 ಜನ. ಕೊನೆಯಲ್ಲಿ, ನೆರೆ ನೀರಿನಿಂದ ತಪ್ಪಿಸಿಕೊಂಡು ಒಂದು ಕೊಟ್ಟಿಗೆಗೆ ಬಂದು ಸೇರುವವರು ಆರೇ ಜನ. ಸತ್ತವರು, ಬಿಟ್ಟುಹೋದವರು, ತಲೆಮರೆಸಿಕೊಂಡವರು ಎಲ್ಲ ಕಳೆದು ಆರು. ಅವರಲ್ಲಿ ಒಬ್ಬಳು ರೋಸ್ ಆಫ್ ಶರನ್. ಚಿಕ್ಕ ಹುಡುಗಿ, ಮನೆ ಮಗಳು. ಗಂಡ ಬಿಟ್ಟು ಹೋಗಿದ್ದಾನೆ. ಮೊನ್ನೆ ಮೊನ್ನೆ ಹೆತ್ತಿದ್ದಾಳೆ. ಮಗು ಸತ್ತೇ ಹುಟ್ಟಿದೆ. ಆ ಕೊಟ್ಟಿಗೆಯ ಮೂಲೆಯಲ್ಲಿ ಹಸಿವಿನಿಂದ ಸಾಯುತ್ತಾ ಬಿದ್ದಿರುವ, ಗುರುತು ಪರಿಚಯ ಇಲ್ಲದ ಒಬ್ಬ ಗಂಡಸಿಗೆ ಅವಳು ತನ್ನ ಎದೆಹಾಲು ಕುಡಿಸುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ನನ್ನ ಆಫೀಸಿನಲ್ಲಿ ಒಬ್ಬ ಹಿರಿಯರಿದ್ದರು. ಒಳ್ಳೆಯ ಓದುಗರು. ಈ ಪುಸ್ತಕವನ್ನು ಎರಡು ವಾರದಲ್ಲಿ ಮುಗಿಸಿ, ವಾಪಸ್ ಕೊಡುವಾಗ ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟರು. "ಮನೇಲಿ ಮಕ್ಕಳಿದ್ದಾರಲ್ಲ ಮೇಡಂ, ಅದಕ್ಕೆ" ಎಂದರು. ಅವತ್ತು ನಾನು ಸುಮ್ಮನಿದ್ದೆ. ಈಗ ಇರುವುದಿಲ್ಲ. ಅದೇ ಪುಸ್ತಕದಲ್ಲಿ ಕಿತ್ತಳೆ ಹಣ್ಣಿನ ರಾಶಿಗೆ ಸೀಮೆಎಣ್ಣೆ ಸುರಿಯುತ್ತಾರೆ, ಬಡವರು ಆರಿಸಿಕೊಂಡು ತಿನ್ನಬಾರದು ಅಂತ. ಆಲೂಗಡ್ಡೆಯನ್ನು ಹೊಳೆಗೆ ಸುರಿದು, ಯಾರೂ ಎತ್ತಿಕೊಳ್ಳದ ಹಾಗೆ ದಡದಲ್ಲಿ ಕಾವಲು ನಿಲ್ಲಿಸುತ್ತಾರೆ. ಬೆಲೆ ಬಿದ್ದುಹೋಗಬಾರದಲ್ಲ! ಆ ಪುಟಗಳಿಗಾಗಿ ಯಾರೂ ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ ಕೊಟ್ಟಿಲ್ಲ. ಮಕ್ಕಳಿಂದ ಬಚ್ಚಿಡಬೇಕಾದ್ದು ಯಾವುದು ಹಾಗಾದರೆ? ಹಸಿದವನಿಗೆ ಹಾಲು ಕೊಟ್ಟದ್ದಾ?

ಈ ಕಾದಂಬರಿಯ ಉದ್ದಕ್ಕೂ ಒಂದೇ ಲೆಕ್ಕ ನಡೆಯುತ್ತದೆ. ಯಾರ ಹತ್ತಿರ ತಿನ್ನಲು ಏನಿದೆ, ಯಾರು ಯಾರಿಗೆ ಕೊಟ್ಟರು. ನನಗೆ ತುಂಬ ಕಾಡುವ ಜಾಗ ಬಿಡಾರದಲ್ಲಿ ಬರುತ್ತದೆ. ವಲಸೆ ಬಂದವರು ಹರಕು ಬಟ್ಟೆ, ರಟ್ಟು, ತಗಡು ಕಟ್ಟಿಕೊಂಡು ಬದುಕುವ ಜಾಗ ಅದು. ಜೋಡ್ ಮನೆಯ ಅಮ್ಮ ಒಲೆ ಮೇಲೆ ಮಾಂಸದ ಸಾರು ಇಟ್ಟಿದ್ದಾಳೆ. ವಾಸನೆ ಹಿಡಿದು ಪಕ್ಕದ ಗುಡಿಸಲುಗಳ ಮಕ್ಕಳು ಬಂದು ಸುತ್ತ ನಿಲ್ಲುತ್ತಾರೆ. ಕೇಳುವುದಿಲ್ಲ, ಬೇಡುವುದಿಲ್ಲ. ಸುಮ್ನೆ ನೋಡುತ್ತಾ ನಿಲ್ಲುತ್ತಾರೆ. ಸಾರು ಮನೆಯವರಿಗೇ ಸಾಲದು. ಕೊಟ್ಟರೆ ತನ್ನ ಮಕ್ಕಳಿಗೆ ಕಡಿಮೆ, ಕೊಡದಿದ್ದರೆ ತನ್ನ ಗಂಟಲಲ್ಲೇ ಇಳಿಯುವುದಿಲ್ಲ. ಕೊನೆಗೆ ಮನೆಯವರಿಗೆ ಬಡಿಸಿ, ಪಾತ್ರೆಯ ತಳದಲ್ಲಿ ಒಂದಿಷ್ಟು ಉಳಿಸಿ, ಒಬ್ಬೊಬ್ಬರು ಒಂದೊಂದು ಚಪ್ಪಟೆ ಕಡ್ಡಿ ತನ್ನಿ, ಕೆರೆದು ತಿನ್ನಿ ಅನ್ನುತ್ತಾಳೆ. ಮಕ್ಕಳು ಮಾತಿಲ್ಲದೆ ಪಾತ್ರೆಗೆ ಮುಗಿಬೀಳುತ್ತಾರೆ. ನಾನು ಓದಿದ್ದು ಊಟ ಆದ ಮೇಲೆ, ರಾತ್ರಿ. ಎದ್ದು ಅಡುಗೆಮನೆಗೆ ಹೋಗಿ ಅನ್ನದ ಪಾತ್ರೆ ತೆಗೆದು ನೋಡಿದ್ದೆ. ಯಾಕೆ ಅಂತ ಗೊತ್ತಿಲ್ಲ.

ಮುಂದೆ ಪೀಚ್ ಹಣ್ಣಿನ ತೋಟ. ಪೆಟ್ಟಿಗೆಗೆ 5 ಸೆಂಟ್ ಕೂಲಿ. ಮನೆಮಂದಿಯೆಲ್ಲ ಸೇರಿ ದುಡಿದರೆ ಸಂಜೆಗೆ 1 ಡಾಲರ್ ಆಗುತ್ತದೆ. ಅದೂ ತೋಟದವರದೇ ಅಂಗಡಿಗೆ ಹೋಗುತ್ತದೆ, ಹೊರಗಿಗಿಂತ ಜಾಸ್ತಿ ಬೆಲೆಗೆ. ಮುಷ್ಕರ ಮುರಿದ ಮೇಲೆ ಕೂಲಿ ಎರಡೂವರೆ ಸೆಂಟ್‌ಗೆ ಇಳಿಯುತ್ತದೆ. ಭೂಮಿ ಹೋಯಿತು, ಮನೆ ಹೋಯಿತು, ಕೂಲಿ ಹೋಯಿತು, ಕೊನೆಗೆ ಬಟ್ಟೆಯೂ ಒದ್ದೆ. ಆ ಕೊಟ್ಟಿಗೆಗೆ ಬಂದಾಗ ಈ ಆರು ಜನರ ಹತ್ತಿರ ತಿನ್ನುವ ವಸ್ತು ಅಂತ ಉಳಿದಿರುವುದು ಒಂದೇ. ಯಾವ ಒಡೆಯನೂ ಅದಕ್ಕೆ ಬೆಲೆ ಕಟ್ಟಿಲ್ಲ. ಯಾವ ಅಂಗಡಿಯೂ ಅದನ್ನು ಮಾರುವುದಿಲ್ಲ. ಅದಕ್ಕೆ ಸೀಮೆಎಣ್ಣೆ ಸುರಿಯಲು ಯಾರಿಗೂ ಆಗುವುದಿಲ್ಲ. ಆರುನೂರು ಪುಟ ಓದಿ ಬಂದವರಿಗೆ ಇದು ಕಾಣದೆ ಬರೀ ಮೊಲೆ ಕಂಡರೆ ನಾನೇನು ಮಾಡಲಿ?

ಇದೇ ಪ್ರಶ್ನೆಯನ್ನು ಪ್ರಕಾಶಕರೂ ಕೇಳಿದ್ದರು. 1939ರ ಜನವರಿಯಲ್ಲಿ, ಪುಸ್ತಕ ಅಚ್ಚಿಗೆ ಹೋಗುವ ಮುಂಚೆ, ವೈಕಿಂಗ್ ಪ್ರೆಸ್ಸಿನ ಪ್ಯಾಸ್ಕಲ್ ಕೊವಿಚಿ ಕೊನೆಯನ್ನು ಬದಲಿಸಲು ಕೇಳಿಕೊಂಡರು. ಆ ಮನುಷ್ಯನನ್ನು ಮೊದಲೇ ಒಂದು ಕಡೆ ಪರಿಚಯಿಸಿ, ದಿಢೀರ್ ಅನಿಸುತ್ತದೆ ಅಂತ. ಸ್ಟೈನ್‌ಬೆಕ್ ಒಪ್ಪಲಿಲ್ಲ. ಅವನು ಅಪರಿಚಿತನೇ ಆಗಿರಬೇಕು, ಅಕಸ್ಮಾತ್ತೇ ಆಗಿರಬೇಕು, ಬೇಗ ಮುಗಿಯಬೇಕು ಅಂತ ಪತ್ರ ಬರೆದರು. ಒಂದು ತುಂಡು ಬ್ರೆಡ್ ಕೊಡುವುದಕ್ಕಿಂತ ಹೆಚ್ಚಿನ ಭಾವುಕತೆ ಎದೆಹಾಲು ಕೊಡುವುದರಲ್ಲಿ ಇಲ್ಲ ಎಂಬುದು ಅವರ ವಾದ. ಸೆರೆಮನೆಯಲ್ಲಿ ಉಪವಾಸ ಸಾಯುತ್ತಿದ್ದ ತಂದೆಗೆ ಮಗಳು ಹಾಲು ಕೊಟ್ಟ ಹಳೇ ರೋಮನ್ ಕಥೆಯೊಂದಿದೆ. ರೂಬೆನ್ಸ್‌ನಂಥ ಕಲಾವಿದರು ಅದನ್ನು ಚಿತ್ರ ಮಾಡಿದ್ದಾರೆ. ಅಲ್ಲಿ ರಕ್ತಸಂಬಂಧ ಇದೆ, ಹಾಗಾಗಿ ನೋಡುವವರಿಗೆ ಸಮಾಧಾನ. ಇಲ್ಲಿ ಆ ಆಸರೆಯನ್ನೂ ಕಿತ್ತುಹಾಕಿದ್ದಾರೆ. ಅವಳು ಅವನಿಗೆ ಏನೂ ಆಗಬೇಕಿಲ್ಲ. ನನಗೆ ಇದಕ್ಕಿಂತ ದೊಡ್ಡ ಸಂಬಂಧ ಗೊತ್ತಿಲ್ಲ.

1940ರಲ್ಲಿ ಜಾನ್ ಫೋರ್ಡ್ ಸಿನಿಮಾ ಮಾಡಿದಾಗ ಈ ದೃಶ್ಯ ಇಟ್ಟುಕೊಳ್ಳಲಿಲ್ಲ. ಸಿನಿಮಾ ನೋಡಿ ಪುಸ್ತಕಕ್ಕೆ ಬರುವವರೇ ಜಾಸ್ತಿ ಬೆಚ್ಚುತ್ತಾರೆ.

ಇನ್ನು ಅಶ್ಲೀಲ ಎಂಬ ಮಾತು. ಪುಸ್ತಕ ಬಂದದ್ದು 1939ರ ಏಪ್ರಿಲ್‌ನಲ್ಲಿ. ಆಗಸ್ಟ್‌ನಲ್ಲೇ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಆಡಳಿತ ಮಂಡಳಿ ಅದನ್ನು ತನ್ನ ಗ್ರಂಥಾಲಯ, ಶಾಲೆಗಳಲ್ಲಿ ನಿಷೇಧಿಸಿತು. ಬೇಕರ್ಸ್‌ಫೀಲ್ಡ್ ಊರಿನಲ್ಲಿ ಪ್ರತಿಯನ್ನು ಸುಟ್ಟರು. ಕೆಟ್ಟ ಭಾಷೆ, ಅಸಭ್ಯ ಅಂದರು. ಆದರೆ ಆ ಕೌಂಟಿಯಲ್ಲೇ ದೊಡ್ಡ ದೊಡ್ಡ ತೋಟಗಳಿದ್ದವು, ಆ ಕೂಲಿಯವರೂ ಅಲ್ಲೇ ಇದ್ದರು. ಅಲ್ಲಿನ ಗ್ರಂಥಪಾಲಕಿ ಗ್ರೆಚೆನ್ ನೀಫ್ ತನ್ನ ಮೇಲಧಿಕಾರಿಗಳಿಗೇ ಪತ್ರ ಬರೆದು ನಿಷೇಧವನ್ನು ವಿರೋಧಿಸಿದರು. ನೌಕರಿಯಲ್ಲಿದ್ದುಕೊಂಡೇ. ಅವರ ಧೈರ್ಯ ನೆನೆದರೆ ನನಗೆ ಇವತ್ತೂ ಕಣ್ಣು ತುಂಬುತ್ತದೆ. ನಿಷೇಧ ತೆಗೆದದ್ದು 1941ರಲ್ಲಿ.

ಈಗ ನನ್ನ ಸೋದರತ್ತೆಯ ವಿಷಯಕ್ಕೆ ಬರುತ್ತೇನೆ. ಉತ್ತರ ಹೇಳುವಾಗೆಲ್ಲ ನನ್ನ ಮನಸ್ಸಿನಲ್ಲಿ ಇರುವುದು ಅವರೇ.

ಒಂದು ಡಿಸೆಂಬರ್, ಅವರ ಮನೆಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದೆವು. ಅತ್ತೆಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಕಥೆ ಅಂದರೆ ಪ್ರಾಣ. ನಾನು ಈ ಕಾದಂಬರಿಯನ್ನು ಮೂರು ದಿನ ಕಂತು ಕಂತಾಗಿ ಹೇಳಿದೆ. ಕೊನೆಗೆ ಬಂದಾಗ ನನಗೇ ಅಳುಕು. ಹೇಗೆ ಹೇಳುವುದು, ಏನನ್ನುತ್ತಾರೋ ಅಂತ. ಹೇಳಿ ಮುಗಿಸಿದೆ. ಅತ್ತೆ ಮುಖ ಕಿವಿಚಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಂದರು: "ಮಗು ಹೋದರೂ ಹಾಲಿಗೆ ಗೊತ್ತಾಗಲ್ಲ ಕಣೆ. ಅದು ಬಂದೇ ಬರುತ್ತೆ. ನನ್ನ ಮೊದಲನೇದು ಹೋದಾಗ ಎದೆ ಕಲ್ಲಿನ ಹಾಗೆ ಆಗಿತ್ತು. ಜ್ವರ ಬಂದಿತ್ತು. ಹಾಲು ಬತ್ತಲಿ ಅಂತ ನಮ್ಮಮ್ಮ ಎದೆಗೆ ಮಲ್ಲಿಗೆ ಹೂವು ಕಟ್ಟಿದ್ದಳು. ಆಮೇಲೆ ಎಷ್ಟೋ ವರ್ಷ ನಾನು ಮಲ್ಲಿಗೆ ಮುಡೀಲಿಲ್ಲ."

ಅತ್ತೆ ಮಲ್ಲಿಗೆ ಮುಡಿಯದ್ದನ್ನು ಚಿಕ್ಕಂದಿನಿಂದ ನೋಡಿದ್ದೆ. ಯಾಕೆ ಅಂತ ಗೊತ್ತಾದದ್ದು ಅವತ್ತು. ಎಷ್ಟೋ ಸಲ ಓದಿದ ಪುಟವೂ ಅವತ್ತು ಬೇರೆ ಆಗಿಹೋಯಿತು. ಅಲ್ಲಿಯವರೆಗೆ ಅವಳು ಕೊಡುತ್ತಿದ್ದಾಳೆ ಎಂದಷ್ಟೇ ನೋಡಿದ್ದೆ. ತುಂಬಿದ ಎದೆ ಹೊತ್ತುಕೊಂಡು, ಕುಡಿಯುವವರಿಲ್ಲದೆ ಕೂತ ಬಾಣಂತಿಯನ್ನು ನೋಡಿರಲಿಲ್ಲ. ಹೆಂಗಸಾಗಿ ಹೇಗೆ ಮೆಚ್ಚುತ್ತೀರಿ ಅಂತ ಕೇಳುವವರು ದಯವಿಟ್ಟು ಇದನ್ನು ಎರಡು ಸಲ ಓದಿ.

ಇಷ್ಟು ವರ್ಷದಲ್ಲಿ ಒಬ್ಬರಾದರೂ, 'ಆ ಮನುಷ್ಯ ಆರು ದಿನ ಯಾಕೆ ಉಪವಾಸ ಇದ್ದ?' ಅಂತ ಕೇಳಲಿ ಎಂದು ಕಾಯುತ್ತಿದ್ದೇನೆ. ಅವನು ಬಿದ್ದಿದ್ದು ಹಣ್ಣು, ಹತ್ತಿ, ತರಕಾರಿ ಬೆಳೆದು ತುಂಬಿದ ನಾಡಿನಲ್ಲಿ. 1933ರಲ್ಲಿ ಬಂದ ಕೃಷಿ ಕಾಯ್ದೆ ಬೆಳೆ ಕಡಿಮೆ ಮಾಡಿದವರಿಗೆ ಹಣ ಕೊಟ್ಟಿತು. ಆ ಹಣ ಹೆಚ್ಚಾಗಿ ಜಮೀನಿನ ಒಡೆಯರ ಕೈಸೇರಿತು. ಗೇಣಿದಾರನನ್ನು ಇಟ್ಟುಕೊಳ್ಳುವುದಕ್ಕಿಂತ ಎಬ್ಬಿಸುವುದೇ ಲಾಭ ಎನಿಸಿತು. ಅದೇ ವರ್ಷ ಬೆಲೆ ಏರಿಸಲು ಸರಕಾರ ಸುಮಾರು 60 ಲಕ್ಷ ಹಂದಿಗಳನ್ನು ಕೊಂಡು ಕೊಲ್ಲಿಸಿತು. ಸ್ಟೈನ್‌ಬೆಕ್ ಇದನ್ನು ಕೂತಲ್ಲೇ ಕಲ್ಪಿಸಿಕೊಂಡವರಲ್ಲ. 1936ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪತ್ರಿಕೆಗೆ ಈ ಬಿಡಾರಗಳ ಬಗ್ಗೆ ಲೇಖನಮಾಲೆ ಬರೆದರು. 1938ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ವೈಸೇಲಿಯಾ ಊರಿನ ಸುತ್ತ ನೆರೆ ಬಂದಾಗ ಅಲ್ಲಿಗೆ ಹೋದರು. ಅಲ್ಲಿ ಐದು ಸಾವಿರ ಕುಟುಂಬಗಳು ಹಸಿವಿನಿಂದ ಸಾಯುತ್ತಿವೆ ಎಂದು ತಮ್ಮ ಏಜೆಂಟರಿಗೆ ಪತ್ರ ಬರೆದರು. ಆ ವರ್ಷವೇ ಮೇ ಕೊನೆಯಿಂದ ಅಕ್ಟೋಬರ್‌ವರೆಗೆ ಕೂತು ಕಾದಂಬರಿ ಮುಗಿಸಿದರು. ಆ ಕೊಟ್ಟಿಗೆ, ಆ ನೀರು, ಆ ಹಸಿವು ನಿಜವಾಗಿಯೂ ಇದ್ದವು. ಅದನ್ನು ನೋಡಿ ಬಂದವರು ಬರೆದ ಕೊನೆಯನ್ನು ಬೇಕಿತ್ತಾ ಅಂತ ಕೇಳುವ ಮುಂಚೆ ಆ ಹಸಿವು ಬೇಕಿತ್ತಾ ಅಂತ ಯಾಕೆ ಕೇಳುವುದಿಲ್ಲ?

ಅತ್ತೆ ಅವತ್ತು ಇನ್ನೊಂದು ಪ್ರಶ್ನೆ ಕೇಳಿದ್ದರು. ಆ ಮನುಷ್ಯನ ಜೊತೆ ಒಬ್ಬ ಹುಡುಗ ಇರುತ್ತಾನೆ, ಅವನ ಮಗ. ಅಪ್ಪ ತನ್ನ ಪಾಲನ್ನೆಲ್ಲ ಮಗನಿಗೆ ಕೊಟ್ಟು, ನನಗೆ ಹಸಿವಿಲ್ಲ, ಈಗಷ್ಟೇ ತಿಂದೆ ಅಂತ ಸುಳ್ಳು ಹೇಳುತ್ತಾ ಬಂದಿರುತ್ತಾನೆ. ಗೊತ್ತಾದ ಮೇಲೆ ಹುಡುಗ ರಾತ್ರಿ ಯಾರದೋ ಕಿಟಕಿ ಒಡೆದು ಬ್ರೆಡ್ ಕದ್ದು ತಂದು ಅಪ್ಪನಿಗೆ ತಿನ್ನಿಸುತ್ತಾನೆ. ಅದು ವಾಂತಿಯಾಗಿ ಹೋಗುತ್ತದೆ. ರೋಸ್ ಆಫ್ ಶರನ್ ಒದ್ದೆಯಾಗಿ ನಡುಗುತ್ತಾ ಬಂದಾಗ, ಮೂಲೆಯಲ್ಲಿದ್ದ ಕೊಳಕು ಕೌದಿ ತಂದು ಕೊಡುವವನೂ ಅವನೇ. ಕೊನೆಯಲ್ಲಿ ಅಮ್ಮ ಎಲ್ಲರನ್ನೂ ಹೊರಗೆ ಕಳಿಸುವಾಗ ಅವನನ್ನೂ ಕರೆದುಕೊಂಡು ಹೋಗಿ ಬಾಗಿಲು ಮುಚ್ಚುತ್ತಾಳೆ.

"ಆ ಹುಡುಗ ಏನಾದರೂ ತಿಂದ್ನಾ?" ಅಂತ ಕೇಳಿದರು ಅತ್ತೆ.

ಗೊತ್ತಿರಲಿಲ್ಲ. ಒಳಗೆ ಹೋಗಿ ಪುಸ್ತಕ ತಂದು, ಅವರ ಮುಂದೆಯೇ ಕೊನೆಯ ಪುಟಗಳನ್ನು ತಿರುವಿ ಹುಡುಕಿದೆ. ಇಲ್ಲ ಅತ್ತೆ, ಬರೆದಿಲ್ಲ ಅಂದೆ. ಅವರ ಮಡಿಲಲ್ಲಿ ಸುಲಿಯದ ಕಾಯಿ ಇನ್ನೂ ಇದ್ದವು.

"ಸರಿಯಾಗಿ ನೋಡು" ಅಂದರು. "ಎಲ್ಲಾದರೂ ಬರೆದಿರ್ತಾನೆ."